ಐಸಿಯು ವೈದ್ಯರು ದತ್ತಾಂಶ ವಿದ್ಯೆಯನ್ನು ಎಲ್ಲಿ ಕಲಿಯಬೇಕು: ಮಲೆನಾಡಿನ ಆಸ್ಪತ್ರೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ತೀವ್ರ ನಿಗಾ ಘಟಕದ (ಐಸಿಯು) ಒಂದು ಹಾಸಿಗೆಯಲ್ಲಿ ಒಂದೇ ದಿನ ಹುಟ್ಟುವಷ್ಟು ಅಂಕಿಗಳು ಆಸ್ಪತ್ರೆಯ ಬೇರೆ ಯಾವ ವಾರ್ಡಿನಲ್ಲೂ ಹುಟ್ಟುವುದಿಲ್ಲ. ನಾಡಿಬಡಿತ, ರಕ್ತದೊತ್ತಡ, ರಕ್ತದ ಆಮ್ಲಜನಕ, ವೆಂಟಿಲೇಟರಿನ ಒತ್ತಡ, ಗಂಟೆಗೊಮ್ಮೆ ಅಳೆದ ಮೂತ್ರ, ರಕ್ತದ ಅನಿಲಗಳನ್ನು ಅಳೆಯುವ ಎಬಿಜಿ ವರದಿ, ರಕ್ತದೊತ್ತಡ ಏರಿಸುವ ಔಷಧವಾದ ನಾರ್‌ಅಡ್ರಿನಾಲಿನ್ ಹರಿಯುತ್ತಿರುವ ವೇಗ, ಇವೆಲ್ಲವನ್ನೂ ಸ್ಟಾಫ್ ನರ್ಸ್ ಅಗಲವಾದ ಚಾರ್ಟಿನಲ್ಲಿ ತುಂಬುತ್ತಾರೆ. ವೈದ್ಯರು ರೌಂಡ್ಸಿನಲ್ಲಿ ಅದರ ಮೇಲೆ ಕಣ್ಣಾಡಿಸಿ ಅಂದಿನ ನಿರ್ಧಾರ ಮಾಡುತ್ತಾರೆ. ರೋಗಿ ಘಟಕದಿಂದ ಹೋದ ಮೇಲೆ ಚಾರ್ಟು ರೆಕಾರ್ಡ್ ರೂಮಿನ ಕಟ್ಟಿನೊಳಗೆ ಸೇರುತ್ತದೆ. ಆ ಕಟ್ಟನ್ನು ಮತ್ತೆ ಬಿಚ್ಚುವುದು ಬಹುಮಟ್ಟಿಗೆ ಕೋರ್ಟಿನಿಂದ ಸಮನ್ಸ್ ಬಂದಾಗ, ಇಲ್ಲವೇ ಪಿಜಿ ವಿದ್ಯಾರ್ಥಿಯೊಬ್ಬರ ಪ್ರಬಂಧದ ಗಡುವು ಹತ್ತಿರವಾದಾಗ.

ಈ ಅಂಕಿಗಳನ್ನು ಓದಿ, ಪ್ರಶ್ನಿಸಿ, ಅವುಗಳ ಮೂಲಕ ತಮ್ಮ ಘಟಕದ ಕೆಲಸವನ್ನು ತಾವೇ ಅಳೆಯಬಲ್ಲ ವೈದ್ಯರು ಬೇಕು ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ವಿದ್ಯೆಯನ್ನು ಎಲ್ಲಿ ಕಲಿಯಬೇಕು, ಯಾವ ಕ್ರಮದಲ್ಲಿ ಕಲಿಯಬೇಕು ಎಂಬಲ್ಲಿ ಗೊಂದಲ ಬಹಳವಿದೆ. ವೈದ್ಯರಿಗಾಗಿಯೇ ರೂಪಿಸಿದ ಕೃತಕ ಬುದ್ಧಿಮತ್ತೆಯ ಕೋರ್ಸು ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಬರುತ್ತಲೇ ಇರುತ್ತವೆ, ಅವುಗಳ ಶುಲ್ಕವೂ ಕಡಿಮೆಯದ್ದಲ್ಲ. ಶಿವಮೊಗ್ಗದ ವೈದ್ಯಕೀಯ ಕಾಲೇಜುಗಳ ಐಸಿಯು, ದುರ್ಗಿಗುಡಿಯ ನರ್ಸಿಂಗ್ ಹೋಮುಗಳು, ಸಾಗರ ಮತ್ತು ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಗಳು, ಇಲ್ಲೆಲ್ಲ ದುಡಿಯುವ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ಕೈಗೆಟುಕುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಸ್ವಂತ ಘಟಕದ ರೋಗಿಗಳ ದಾಖಲೆಯನ್ನು ಕೈಯಲ್ಲಿ ಹಿಡಿಸದ ಯಾವ ಕಲಿಕೆಯೂ ಐಸಿಯು ವೈದ್ಯರಲ್ಲಿ ಬಹುಕಾಲ ಉಳಿಯುವುದಿಲ್ಲ, ಆದ್ದರಿಂದ ಕೋರ್ಸನ್ನು ಆರಿಸುವ ಮೊದಲು ರಿಜಿಸ್ಟರ್ ತೆರೆಯಬೇಕು.

ಕಲಿಯಬೇಕಾದದ್ದು ಯಾವುದು

ಗುರಿಯನ್ನು ಗೊತ್ತುಮಾಡಿಕೊಳ್ಳದೆ ದಾರಿಗಳನ್ನು ಹೋಲಿಸಲಾಗದು. ಐಸಿಯು ವೈದ್ಯರು ಸಾಫ್ಟ್‌ವೇರ್ ಎಂಜಿನಿಯರ್ ಆಗಬೇಕಾಗಿಲ್ಲ. ಹಾಸಿಗೆಯ ಪಕ್ಕದಲ್ಲಿ ಹುಟ್ಟಿದ ಸಂದೇಹವನ್ನು ಅಂಕಿಗಳಿಂದ ಉತ್ತರಿಸಬಹುದಾದ ಪ್ರಶ್ನೆಯಾಗಿ ಬರೆಯುವುದು, ಆ ಅಂಕಿಗಳು ಯಾರ ಕೈಯಿಂದ ಯಾವ ಕಾರಣಕ್ಕೆ ಬಂದವು ಎಂದು ವಿಚಾರಿಸುವುದು, ಬೇರೆಯವರು ಸಿದ್ಧಪಡಿಸಿದ ಮುನ್ಸೂಚನೆಯ ಮಾದರಿಯೊಂದನ್ನು ಆಸ್ಪತ್ರೆಗೆ ಮಾರಲು ಬಂದಾಗ ಅದನ್ನು ಪರೀಕ್ಷೆಗೆ ಒಡ್ಡುವುದು, ಇಷ್ಟು ಬಂದರೆ ಸಾಕು.

ಮೂರನೆಯದರ ಮಹತ್ವಕ್ಕೆ ಅಮೆರಿಕದ ಒಂದು ಉದಾಹರಣೆಯಿದೆ. ಅಲ್ಲಿನ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಎಪಿಕ್ ಕಂಪನಿಯ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿ) ಮುನ್ಸೂಚನಾ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮದೇ ಆಸ್ಪತ್ರೆಯ 38,000ಕ್ಕೂ ಹೆಚ್ಚು ದಾಖಲಾತಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ದಾಖಲಾತಿಗಳಲ್ಲಿ ಶೇ 18ರಷ್ಟರಲ್ಲಿ ಎಚ್ಚರಿಕೆ ಕೊಟ್ಟಿದ್ದ ಆ ಮಾದರಿ, ನಿಜವಾಗಿ ಸೆಪ್ಸಿಸ್ ಆದವರಲ್ಲಿ ಶೇ 67ರಷ್ಟು ಮಂದಿಯನ್ನು ಗುರುತಿಸದೆ ಬಿಟ್ಟಿತ್ತು. ರೋಗವಿದ್ದವರನ್ನು ಇಲ್ಲದವರಿಂದ ಬೇರ್ಪಡಿಸುವ ಸಾಮರ್ಥ್ಯವನ್ನು ಅಳೆಯುವ ಎಯುಸಿ ಅಂಕದಲ್ಲಿ 1 ಎಂದರೆ ಪೂರ್ಣ; ಈ ಮಾದರಿಗೆ ಸಿಕ್ಕಿದ್ದು 0.63, ನಾಣ್ಯ ಚಿಮ್ಮಿ ಹೇಳಿದರೂ 0.5 ಸಿಗುತ್ತದೆ. ಇದನ್ನು ಪತ್ತೆಹಚ್ಚಲು ಬೇಕಾದದ್ದು ತಮ್ಮ ರೋಗಿಗಳ ಅಂಕಿಗಳು ಮತ್ತು ಕೇಳುವ ಧೈರ್ಯ. ಗಣಿತವಂತೂ ಎಂಬಿಬಿಎಸ್ ಓದಿದವರಿಗೆ ಎಟುಕದಷ್ಟು ಕಠಿಣವಾದದ್ದಲ್ಲ. ಯಾವ ಕೋರ್ಸೇ ಆಗಲಿ, ಅದರ ಪಠ್ಯಕ್ರಮದಲ್ಲಿ ಹೀಗೆ ಮಾದರಿಯನ್ನು ಪರೀಕ್ಷಿಸುವ ಪಾಠ ಇದೆಯೇ, ಅಥವಾ ಮಾದರಿಯನ್ನು ಕಟ್ಟುವುದನ್ನಷ್ಟೇ ಹೇಳಿಕೊಡುತ್ತಾರೆಯೇ ಎಂದು ಮೊದಲು ನೋಡಬೇಕು. ಎರಡನೆಯ ಬಗೆಯವೇ ಹೆಚ್ಚು.

ಆನ್‌ಲೈನ್ ಕೋರ್ಸುಗಳು ಮತ್ತು ದೀರ್ಘ ಪದವಿಗಳು

ಅತ್ಯಂತ ಅಗ್ಗದ ದಾರಿ ಎನ್‌ಪಿಟೆಲ್ ಮತ್ತು ಸ್ವಯಂ ವೇದಿಕೆಗಳದ್ದು. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್‌ನಲ್ಲಿ ಸಂಖ್ಯಾಶಾಸ್ತ್ರ, ಪೈಥಾನ್ ಮತ್ತು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳು, ದತ್ತಾಂಶದಿಂದ ಕಂಪ್ಯೂಟರೇ ಕಲಿಯುವ ಯಂತ್ರ ಕಲಿಕೆ ಇವುಗಳ 4, 8 ಮತ್ತು 12 ವಾರಗಳ ಕೋರ್ಸುಗಳಿವೆ. ಪಾಠ ಕೇಳಲು ಹಣ ಕೊಡಬೇಕಾಗಿಲ್ಲ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬರೆಯಬೇಕು. ಅಂತಿಮ ಅಂಕದಲ್ಲಿ ವಾರದ ಅಸೈನ್‌ಮೆಂಟುಗಳಿಗೆ ಶೇ 25, ಪರೀಕ್ಷೆಗೆ ಶೇ 75. ಮಲೆನಾಡಿನವರಿಗೆ ಇದರ ದೊಡ್ಡ ಅನುಕೂಲವೆಂದರೆ ಪಾಠಗಳು ಮೊದಲೇ ಚಿತ್ರೀಕರಿಸಿದವು. ಜುಲೈ ತಿಂಗಳಲ್ಲಿ ಹೊಸನಗರದಲ್ಲೋ ಆಗುಂಬೆಯ ಆಸುಪಾಸಿನಲ್ಲೋ ಕರೆಂಟು ಹೋಗಿ ಟವರ್ ಮಲಗಿದ್ದರೆ ನೇರ ಪ್ರಸಾರದ ತರಗತಿ ತಪ್ಪಿಹೋಗುತ್ತದೆ, ಇಳಿಸಿಟ್ಟುಕೊಂಡ ವಿಡಿಯೊ ತಪ್ಪುವುದಿಲ್ಲ. ರಾತ್ರಿ ಡ್ಯೂಟಿ ಇರುವವರಿಗೂ ಇದೇ ಸಲ್ಲುತ್ತದೆ.

ಕೊರತೆಯೂ ಸ್ಪಷ್ಟವಾಗಿದೆ. ಇವು ಬಹುತೇಕ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಪಾಠಗಳಾದ್ದರಿಂದ ಉದಾಹರಣೆಗಳು ಮನೆಯ ಬೆಲೆ, ಹೂವಿನ ದಳದ ಉದ್ದ, ಗ್ರಾಹಕರ ಖರೀದಿ ಇಂಥವೇ ಆಗಿರುತ್ತವೆ. ಅಲ್ಲಿ ಕೊಡುವ ದತ್ತಾಂಶ ಸ್ವಚ್ಛವಾಗಿರುತ್ತದೆ. ಐಸಿಯುವಿನ ದತ್ತಾಂಶ ಎಂದೂ ಸ್ವಚ್ಛವಾಗಿರುವುದಿಲ್ಲ. ಆದ್ದರಿಂದ ಎನ್‌ಪಿಟೆಲ್ ಕೋರ್ಸನ್ನು ವ್ಯಾಕರಣ ಪುಸ್ತಕದಂತೆ ಬಳಸಬಹುದು, ಅದರಿಂದಲೇ ಮಾತು ಬರುತ್ತದೆಂದು ನಿರೀಕ್ಷಿಸಬಾರದು.

ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಆನ್‌ಲೈನ್ ಪದವಿಯ ಬಗ್ಗೆ ಕಿರಿಯ ವೈದ್ಯರು ಆಗಾಗ ಕೇಳುತ್ತಾರೆ. ಮೊದಲ ಹಂತ ಮುಗಿಸಿ ಪ್ರಮಾಣಪತ್ರದೊಂದಿಗೆ, ಅಥವಾ ಎರಡನೆಯ ಹಂತ ಮುಗಿಸಿ ಡಿಪ್ಲೊಮಾದೊಂದಿಗೆ ನಿಲ್ಲಿಸಲು ಅವಕಾಶವಿರುವುದು ಅದರ ಒಳ್ಳೆಯ ಗುಣ. ಆದರೆ ಪ್ರತಿಯೊಂದು ವಿಷಯಕ್ಕೂ ವಾರಕ್ಕೆ ಸುಮಾರು 10 ಗಂಟೆ ಬೇಡುವ ಓದು ಅದು. ಎಂಡಿ ಅನಸ್ತೇಸಿಯಾ ಅಥವಾ ಜನರಲ್ ಮೆಡಿಸಿನ್ ಓದುತ್ತಿರುವ, ವಾರಕ್ಕೆ ಎರಡು ಮೂರು ರಾತ್ರಿ ಡ್ಯೂಟಿ ಮಾಡುವ ವಿದ್ಯಾರ್ಥಿಗೆ ಅದನ್ನು ಶಿಫಾರಸು ಮಾಡಲು ಮನಸ್ಸಾಗುವುದಿಲ್ಲ. ವೈದ್ಯವೃತ್ತಿಯ ಜೊತೆಗೆ ಆರೋಗ್ಯ ತಂತ್ರಜ್ಞಾನವನ್ನೇ ಎರಡನೆಯ ವೃತ್ತಿಯಾಗಿಸಿಕೊಳ್ಳುವ ನಿರ್ಧಾರ ಮಾಡಿದವರ ಮಾತು ಬೇರೆ.

ಖಾಸಗಿ ಸಂಸ್ಥೆಗಳ ದುಬಾರಿ ಪ್ರಮಾಣಪತ್ರಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಕೋರ್ಸು ಮುಗಿಯುವುದರೊಳಗೆ ನಿಜವಾದ ಐಸಿಯು ದತ್ತಾಂಶದ ಮೇಲೆ ನನ್ನಿಂದ ಒಂದು ವಿಶ್ಲೇಷಣೆಯನ್ನು ಮಾಡಿಸುತ್ತೀರಾ, ಅದನ್ನು ವೈದ್ಯರೊಬ್ಬರು ತಿದ್ದುತ್ತಾರೆಯೇ? ಉತ್ತರ ತಡವರಿಸಿದರೆ ಅಲ್ಲಿಗೇ ಬಿಡಬಹುದು.

ಮುಕ್ತ ದತ್ತಾಂಶ ಭಂಡಾರಗಳು

ಪ್ರಪಂಚದಲ್ಲಿ ವಿಮರ್ಶಾತ್ಮಕವಾಗಿ ಐಸಿಯು ದತ್ತಾಂಶವನ್ನು ಓದಲು ಕಲಿತವರಲ್ಲಿ ಬಹುಮಂದಿಯ ಪಾಠಶಾಲೆ ‘ಮಿಮಿಕ್’. ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಐಸಿಯುಗಳಲ್ಲಿ ದಾಖಲಾದ ರೋಗಿಗಳ ಗುರುತು ಅಳಿಸಿದ ದಾಖಲೆ ಅದು. ಅದರ ಮೂರನೆಯ ಆವೃತ್ತಿಯಲ್ಲಿ 2001ರಿಂದ 2012ರವರೆಗಿನ 40,000ಕ್ಕೂ ಹೆಚ್ಚು ರೋಗಿಗಳ ವಿವರಗಳಿವೆ; ನಾಲ್ಕನೆಯ ಆವೃತ್ತಿ ಇನ್ನೂ ಈಚಿನ ವರ್ಷಗಳದ್ದು. ಅಮೆರಿಕದ 208 ಆಸ್ಪತ್ರೆಗಳಿಂದ 2014 ಮತ್ತು 2015ರಲ್ಲಿ ಸಂಗ್ರಹವಾದ, ಎರಡು ಲಕ್ಷಕ್ಕೂ ಹೆಚ್ಚು ದಾಖಲಾತಿಗಳ ‘ಇ-ಐಸಿಯು’ ಭಂಡಾರ ಇನ್ನೊಂದು. ಯುರೋಪಿನಿಂದ ಆಮ್‌ಸ್ಟರ್‌ಡಾಮ್ ಮತ್ತು ಬರ್ನ್ ನಗರಗಳ ಆಸ್ಪತ್ರೆಗಳದ್ದೂ ಇವೆ.

ಮಿಮಿಕ್ ಉಚಿತ, ಆದರೆ ಬಾಗಿಲು ತೆರೆದಿಟ್ಟ ಮನೆಯಲ್ಲ. ಫಿಸಿಯೊನೆಟ್ ಎಂಬ ತಾಣದಲ್ಲಿ ಖಾತೆ ತೆರೆದು, ಮಾನವ ಸಂಶೋಧನೆಯ ನೀತಿಗೆ ಸಂಬಂಧಿಸಿದ ಆನ್‌ಲೈನ್ ತರಬೇತಿ ಮುಗಿಸಿ, ದತ್ತಾಂಶ ಬಳಕೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ ಪ್ರವೇಶ ಸಿಗುತ್ತದೆ. ಕಾಯಲು ಇಷ್ಟವಿಲ್ಲದವರಿಗೆ 100 ರೋಗಿಗಳ ಪ್ರಾತ್ಯಕ್ಷಿಕೆ ಆವೃತ್ತಿ ಯಾವ ಕಟ್ಟುಪಾಡೂ ಇಲ್ಲದೆ ದೊರೆಯುತ್ತದೆ. ಮೊದಲ ಎರಡು ತಿಂಗಳಿಗೆ ಅದು ಧಾರಾಳವಾಗಿ ಸಾಕು.

ಈ ಭಂಡಾರದ ನಿಜವಾದ ಬೆಲೆ ಅದರ ಗೊಂದಲಗಳಲ್ಲಿದೆ. ಗುರುತು ಮರೆಮಾಚಲೆಂದು ದಿನಾಂಕಗಳನ್ನೆಲ್ಲ ಮುಂದಕ್ಕೆ ಸರಿಸಿರುವುದರಿಂದ ರೋಗಿಗಳು 2100ರ ನಂತರದ ಇಸವಿಗಳಲ್ಲಿ ದಾಖಲಾದಂತೆ ಕಾಣುತ್ತಾರೆ. ಮೂರನೆಯ ಆವೃತ್ತಿಯಲ್ಲಿ 89 ವರ್ಷ ದಾಟಿದವರ ವಯಸ್ಸು 300ರ ಆಚೆ ತೋರುತ್ತದೆ. ಇದನ್ನು ಗಮನಿಸದೆ ಸರಾಸರಿ ವಯಸ್ಸು ಲೆಕ್ಕ ಹಾಕಿದ ವಿದ್ಯಾರ್ಥಿಗೆ ದತ್ತಾಂಶವನ್ನು ಮೊದಲು ಕಣ್ಣಿಂದ ನೋಡಬೇಕೆಂಬುದನ್ನು ಯಾರೂ ಮತ್ತೆ ಹೇಳಬೇಕಾಗುವುದಿಲ್ಲ. ಉಷ್ಣತೆ ಕೆಲವೆಡೆ ಸೆಲ್ಸಿಯಸ್‌ನಲ್ಲಿ, ಕೆಲವೆಡೆ ಫ್ಯಾರನ್‌ಹೀಟ್‌ನಲ್ಲಿದೆ. ಉಸಿರಾಡುವ ಗಾಳಿಯಲ್ಲಿನ ಆಮ್ಲಜನಕದ ಪಾಲನ್ನು ಒಬ್ಬರು 0.4 ಎಂದು, ಇನ್ನೊಬ್ಬರು 40 ಎಂದು ಬರೆದಿರುತ್ತಾರೆ. ಯುರೋಪಿನ ದಾಖಲೆಗಳನ್ನು ಓದುವವರು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಅನ್ನು 88.4ರಿಂದ ಭಾಗಿಸಬೇಕು, ಗ್ಲೂಕೋಸನ್ನು 18ರಿಂದ ಗುಣಿಸಬೇಕು, ಆಗಲೇ ನಮಗೆ ಪರಿಚಿತವಾದ ಮಿಲಿಗ್ರಾಮ್ ಲೆಕ್ಕಕ್ಕೆ ಬರುತ್ತದೆ.

ಇನ್ನೂ ಆಳದ ಪಾಠವೆಂದರೆ ಇಲ್ಲದ ಅಂಕಿಯನ್ನು ಓದುವುದು. ರಕ್ತದ ಲ್ಯಾಕ್ಟೇಟ್ ಪರೀಕ್ಷೆಯನ್ನು ಎಲ್ಲ ರೋಗಿಗಳಿಗೂ ಬರೆಯುವುದಿಲ್ಲ. ವೈದ್ಯರಿಗೆ ಅನುಮಾನ ಬಂದವರಿಗೆ ಮಾತ್ರ ಬರೆಯುತ್ತಾರೆ. ಬಾಸ್ಟನ್‌ನ ಎರಡು ಆಸ್ಪತ್ರೆಗಳ ದಾಖಲೆಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 272 ಲ್ಯಾಬ್ ಪರೀಕ್ಷೆಗಳ ಪೈಕಿ 233ರಲ್ಲಿ, ಫಲಿತಾಂಶ ಏನೇ ಇರಲಿ, ಪರೀಕ್ಷೆಯನ್ನು ಬರೆದರೇ ಇಲ್ಲವೇ ಎಂಬ ಸಂಗತಿಯೇ ರೋಗಿಯ ಉಳಿವಿನೊಂದಿಗೆ ನಂಟು ಹೊಂದಿತ್ತು. ಕಂಪ್ಯೂಟರಿಗೆ ಇದು ವಿಚಿತ್ರವೆನಿಸಬಹುದು, ರಾತ್ರಿ ಡ್ಯೂಟಿ ಮಾಡಿದ ವೈದ್ಯರಿಗೆ ಅಲ್ಲ. ದತ್ತಾಂಶ ವಿದ್ಯೆಯಲ್ಲಿ ವೈದ್ಯರ ಅನುಭವ ಎಂಜಿನಿಯರಿಗಿಂತ ಮುಂದಿರುವುದು ಇಂಥ ಜಾಗಗಳಲ್ಲಿಯೇ.

ಆದರೆ ಮಿಮಿಕ್‌ನಲ್ಲಿ ಮಲೆನಾಡಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ರೋಗಿ ಬಾಸ್ಟನ್‌ನ ದಾಖಲೆಯಲ್ಲಿ ಸಿಗುವುದಿಲ್ಲ. ಕೀಟನಾಶಕ ಸೇವಿಸಿ, ಅದರ ಚಿಕಿತ್ಸೆಗೆ ಕೊಡುವ ಅಟ್ರೋಪಿನ್ ಮೇಲಿರುವವರು, ಮಂಡಲದ ಹಾವು ಕಚ್ಚಿ ಮೂತ್ರ ನಿಂತವರು, ಇಲಿಜ್ವರದವರು, ಅಡಿಕೆ ಮರದಿಂದ ಬಿದ್ದವರು, ನಮ್ಮ ಐಸಿಯುಗಳಿಗೆ ಬರುವ ಇಂಥವರಿಗೆ ಅಲ್ಲಿನ ಲೆಕ್ಕಗಳು ಹಾಗೆಯೇ ಹೊಂದುವುದಿಲ್ಲ. ಐಸಿಯು ರೋಗಿಯ ಸಾವಿನ ಅಪಾಯವನ್ನು ಅಂದಾಜಿಸುವ 1985ರ ಅಪಾಚೆ-2 ಅಂಕಪಟ್ಟಿಯಲ್ಲಿ ನಾಡಿಬಡಿತ 140 ದಾಟಿದರೆ 3 ಅಂಕ ಸೇರುತ್ತದೆ. ಅಟ್ರೋಪಿನ್ ಪಡೆಯುತ್ತಿರುವ ರೋಗಿಯಲ್ಲಿ ಆ ವೇಗ ರೋಗದ್ದಲ್ಲ, ನಾವೇ ಕೊಟ್ಟ ಔಷಧದ್ದು. ಅಂಗಗಳ ವೈಫಲ್ಯವನ್ನು ಅಳೆಯುವ, 1996ರಲ್ಲಿ ಪ್ರಕಟವಾದ ಸೋಫಾ ಅಂಕಪಟ್ಟಿ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದರೆ 3 ಅಂಕ ಕೊಡುತ್ತದೆ. ಡೆಂಗಿ, ಇಲಿಜ್ವರ, ಮಂಗನ ಕಾಯಿಲೆಗಳ ಕಾಲದಲ್ಲಿ ಅಷ್ಟು ಇಳಿದೂ ಎದ್ದು ಕೂತು ಗಂಜಿ ಕುಡಿಯುವ ರೋಗಿಗಳನ್ನು ಇಲ್ಲಿನ ವೈದ್ಯರು ನೋಡುತ್ತಾರೆ. ಹೀಗಾಗಿ ಮಿಮಿಕ್‌ನಲ್ಲಿ ಕೈ ಪಳಗಿಸಿಕೊಳ್ಳಬೇಕು, ಅಲ್ಲಿ ಬಂದ ಉತ್ತರವನ್ನು ಮಾತ್ರ ಇಲ್ಲಿಗೆ ತರಬಾರದು.

ಡೇಟಾಥಾನ್ ಮತ್ತು ಎರಡು ದಿನದ ಕಾರ್ಯಾಗಾರ

ವೈದ್ಯರು, ಎಂಜಿನಿಯರುಗಳು, ಸಂಖ್ಯಾಶಾಸ್ತ್ರಜ್ಞರು ಒಂದೇ ಮೇಜಿನ ಸುತ್ತ ಕೂತು, ಎರಡು ದಿನಗಳಲ್ಲಿ ಒಂದು ವೈದ್ಯಕೀಯ ಪ್ರಶ್ನೆಯನ್ನು ನಿಜವಾದ ದತ್ತಾಂಶದ ಮೇಲೆ ಬಿಡಿಸಲು ಯತ್ನಿಸುವ ಕೂಟಕ್ಕೆ ಡೇಟಾಥಾನ್ ಎನ್ನುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕ್ರಿಟಿಕಲ್ ಡೇಟಾ ತಂಡ 2014ರಿಂದ ಇದನ್ನು ಬೇರೆ ಬೇರೆ ದೇಶಗಳಲ್ಲಿ ನಡೆಸುತ್ತ ಬಂದಿದೆ. ಇದರಲ್ಲಿ ಕಲಿಯುವುದು ಕೋಡ್ ಅಲ್ಲ. ‘ವೆಂಟಿಲೇಟರ್ ಶುರುವಾದ ಸಮಯ’ ಎಂದು ವೈದ್ಯರು ಸಲೀಸಾಗಿ ಹೇಳಿದ್ದನ್ನು ಎಂಜಿನಿಯರ್ ‘ಯಾವ ಕಾಲಂನಿಂದ ತೆಗೆಯಲಿ, ಟ್ಯೂಬ್ ಹಾಕಿದ ಹೊತ್ತೋ, ಮೊದಲ ಸೆಟ್ಟಿಂಗ್ ಬರೆದ ಹೊತ್ತೋ’ ಎಂದು ಕೇಳಿದಾಗ ವೈದ್ಯರಿಗೆ ತಮ್ಮ ಮಾತಿನ ಸಡಿಲತೆ ಅರಿವಾಗುತ್ತದೆ. ಆ ಅರಿವಿಗೆ ಎರಡು ದಿನ ಕೊಡುವುದು ನಷ್ಟವಲ್ಲ.

ಇದಕ್ಕಾಗಿ ಬೆಂಗಳೂರಿಗೋ ಹೈದರಾಬಾದಿಗೋ ರಜೆ ಹಾಕಿ ಹೋಗಬೇಕಾಗುತ್ತದೆ ಎಂಬುದು ತೊಡಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಮೂರನೆಯ ದಿನ ಊರಿಗೆ ಮರಳಿದ ಮೇಲೆ ಮುಂದುವರಿಸಲು ಜೊತೆಗಾರರಿಲ್ಲದೆ ಹೋಗುವುದು. ಒಬ್ಬರನ್ನೇ ಕಳಿಸುವ ಬದಲು ಒಂದೇ ಘಟಕದಿಂದ ವೈದ್ಯರೊಬ್ಬರು, ಸ್ಟಾಫ್ ನರ್ಸ್ ಒಬ್ಬರು, ಊರಿನ ಎಂಜಿನಿಯರ್ ಒಬ್ಬರು ಸೇರಿ ಹೋಗುವುದಾದರೆ ಮಾತ್ರ ಈ ಖರ್ಚು ಸಾರ್ಥಕ. ಶಿವಮೊಗ್ಗದಲ್ಲಿಯೇ ಸಣ್ಣದೊಂದನ್ನು ನಡೆಸಲು ಬೇಕಾದ ಸಾಮಗ್ರಿ ಇಲ್ಲದಿಲ್ಲ: ವೈದ್ಯಕೀಯ ಕಾಲೇಜುಗಳಿವೆ, ನವುಲೆಯಲ್ಲಿ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಮಿಮಿಕ್‌ನ 100 ರೋಗಿಗಳ ದತ್ತಾಂಶವಂತೂ ಪುಕ್ಕಟೆ.

ಸ್ವಂತ ಘಟಕದ ರಿಜಿಸ್ಟರ್

ನಾನು ಮೊದಲ ಸ್ಥಾನ ಕೊಡುವುದು ಈ ದಾರಿಗೆ. ಇಲ್ಲಿ ಶುಲ್ಕವಿಲ್ಲ, ಪ್ರಮಾಣಪತ್ರವಿಲ್ಲ, ಬೇಸರ ಮಾತ್ರ ಸಾಕಷ್ಟಿದೆ. ಘಟಕಕ್ಕೆ ಬರುವ ಪ್ರತಿಯೊಬ್ಬ ರೋಗಿಯ ಬಗ್ಗೆ ಇಪ್ಪತ್ತರೊಳಗಿನ ಕಾಲಂಗಳ ಒಂದು ದಾಖಲೆ ಇಡುವುದು. ವಾರಕ್ಕೊಮ್ಮೆ ಒಂದು ಗಂಟೆ ವೈದ್ಯರು, ನರ್ಸುಗಳು, ಸಾಧ್ಯವಾದರೆ ಕಮ್ಯುನಿಟಿ ಮೆಡಿಸಿನ್ ವಿಭಾಗದ ಸಂಖ್ಯಾಶಾಸ್ತ್ರಜ್ಞರು ಸೇರಿ ಅದನ್ನು ನೋಡುವುದು. ತಿಂಗಳಿಗೊಂದು ಪ್ರಶ್ನೆ ಎತ್ತಿಕೊಂಡು ಉತ್ತರ ಹುಡುಕುವುದು. ಇಷ್ಟೇ ಅದರ ಸ್ವರೂಪ.

ಕಾಲಂಗಳನ್ನು ಆರಿಸುವುದೇ ಮೊದಲ ಪಾಠ. ವಯಸ್ಸು, ಲಿಂಗ, ಎಲ್ಲಿಂದ ರೆಫರ್ ಆಗಿ ಬಂದರು, ಮುಖ್ಯ ರೋಗ, ಮೊದಲ 24 ಗಂಟೆಯ ಅಪಾಚೆ-2 ಅಂಕ, ವೆಂಟಿಲೇಟರ್ ಮೇಲಿದ್ದ ದಿನಗಳು, ಡಯಾಲಿಸಿಸ್, ಘಟಕದಿಂದ ಹೊರಟ ದಿನಾಂಕ ಮತ್ತು ಹೇಗೆ ಹೊರಟರು ಎಂಬ ವಿವರ. ಕೊನೆಯ ಕಾಲಂ ಮೇಲುನೋಟಕ್ಕೆ ಸರಳ. ಮಲೆನಾಡಿನಲ್ಲಿ ಅದೇ ಎಲ್ಲಕ್ಕಿಂತ ಕಠಿಣ. ಉಳಿಯುವುದಿಲ್ಲವೆಂದು ಗೊತ್ತಾದಾಗ ಮನೆಯಲ್ಲೇ ಕೊನೆಯುಸಿರೆಳೆಯಲಿ ಎಂದು ಕರೆದೊಯ್ಯುವ ಕುಟುಂಬಗಳಿವೆ, ಖರ್ಚು ಭರಿಸಲಾಗದೆ ಹೋಗುವವರಿದ್ದಾರೆ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ರೆಫರ್ ಆಗುವವರಿದ್ದಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆಯಾದವರನ್ನು, ಅಂದರೆ ವಾರ್ಡಿನ ಮಾತಿನಲ್ಲಿ ‘ಡಾಮಾ’ ಹೋದವರನ್ನು, ಬದುಕಿದವರ ಲೆಕ್ಕಕ್ಕೆ ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡೋಣ.

ಒಂದು ಘಟಕಕ್ಕೆ ವರ್ಷದಲ್ಲಿ 200 ರೋಗಿಗಳು ಬಂದರು ಎಂದಿಟ್ಟುಕೊಳ್ಳಿ. ಅಪಾಚೆ-2 ಪ್ರಕಾರ 50 ಸಾವು ನಿರೀಕ್ಷಿತ. ಘಟಕದಲ್ಲಿ ಸತ್ತವರು 40. ನಡೆದ ಸಾವನ್ನು ನಿರೀಕ್ಷಿತ ಸಾವಿನಿಂದ ಭಾಗಿಸಿದರೆ 0.8 ಬರುತ್ತದೆ, ಅಂದರೆ ಘಟಕ ನಿರೀಕ್ಷೆಗಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದಾಯಿತು. ಆದರೆ ಅದೇ ವರ್ಷ 20 ಮಂದಿ ಡಾಮಾ ಹೋಗಿದ್ದು, ಅವರಲ್ಲಿ 15 ಮಂದಿ ವಾರದೊಳಗೆ ಮನೆಯಲ್ಲಿ ತೀರಿಕೊಂಡಿದ್ದರೆ ಒಟ್ಟು ಸಾವು 55, ಅನುಪಾತ 1.1. ಹೊಗಳಿಕೆ ಒಮ್ಮೆಗೇ ಪ್ರಶ್ನೆಯಾಗಿ ತಿರುಗುತ್ತದೆ. ಇದನ್ನು ತಿಳಿಯಲು ಯಂತ್ರ ಕಲಿಕೆ ಬೇಕಿಲ್ಲ. ಮನೆಗೆ ಹೋದವರಿಗೆ ಹತ್ತು ದಿನ ಬಿಟ್ಟು ಫೋನ್ ಮಾಡಿ ವಿಚಾರಿಸುವ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಬೇಕು. ಯಾವ ಆನ್‌ಲೈನ್ ಕೋರ್ಸಿನ ಪಠ್ಯದಲ್ಲೂ ಈ ಫೋನ್ ಕರೆಗೆ ಜಾಗ ಸಿಕ್ಕಿರಲಾರದು, ಆದರೆ ದತ್ತಾಂಶದ ಗುಣಮಟ್ಟ ನಿಂತಿರುವುದು ಅದರ ಮೇಲೆಯೇ.

ಇದರ ದೌರ್ಬಲ್ಯಗಳನ್ನೂ ಮುಚ್ಚಿಡಬಾರದು. ಮೂರು ತಿಂಗಳ ಉತ್ಸಾಹದ ನಂತರ ರಿಜಿಸ್ಟರ್ ನಿಂತುಹೋಗುವುದು ಸಾಮಾನ್ಯ. ದಾಖಲೆ ತುಂಬುವ ಹೊರೆಯೆಲ್ಲ ಸ್ಟಾಫ್ ನರ್ಸಿನ ಮೇಲೆ ಬಿದ್ದರೆ ನಿಲ್ಲಲೇಬೇಕು. ಸಣ್ಣ ಘಟಕದಲ್ಲಿ ರೋಗಿಗಳ ಸಂಖ್ಯೆ ಕಡಿಮೆಯಾದ್ದರಿಂದ ಮಂಗನ ಕಾಯಿಲೆಯಂಥ ವಿಷಯದಲ್ಲಿ ಒಂದೇ ಆಸ್ಪತ್ರೆಯ ಅಂಕಿಗಳಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಇದಕ್ಕೆ ಪರಿಹಾರ ದೊಡ್ಡ ನೋಂದಣಿ ಜಾಲವೊಂದಕ್ಕೆ ಸೇರುವುದು. ಭಾರತದ ಐಸಿಯುಗಳಿಗಾಗಿ 2019ರಲ್ಲಿ ಆರಂಭವಾದ ‘ಐರಿಸ್’ ಅಂಥದ್ದೊಂದು. ಜಾಲಕ್ಕೆ ಸೇರಿದಾಗ ಕಾಲಂಗಳ ವ್ಯಾಖ್ಯೆ ಸಿದ್ಧವಾಗಿ ಸಿಗುತ್ತದೆ, ಬೇರೆ ಘಟಕಗಳೊಂದಿಗೆ ಹೋಲಿಕೆ ಸಾಧ್ಯವಾಗುತ್ತದೆ. ಪ್ರತಿಯಾಗಿ ಅವರ ಶಿಸ್ತಿಗೆ ಒಳಪಡಬೇಕು, ಪ್ರತಿದಿನ ಅಂಕಿ ತುಂಬಲೇಬೇಕು. ಮೊದಲು ಆರು ತಿಂಗಳು ಸ್ವಂತವಾಗಿ ನಡೆಸಿ, ನಿಲ್ಲದೆ ನಡೆಯುತ್ತದೆಂದು ಖಾತ್ರಿಯಾದ ಮೇಲೆ ಜಾಲಕ್ಕೆ ಸೇರುವುದು ಜಾಣತನ.

ಸಾಧನಗಳ ಆಯ್ಕೆ

ಎಕ್ಸೆಲ್ ಸಾಕೇ, ಆರ್ ಕಲಿಯಬೇಕೇ, ಪೈಥಾನ್ ಕಲಿಯಬೇಕೇ ಎಂಬ ಪ್ರಶ್ನೆಗೆ ಜನರು ಕೊಡುವ ಸಮಯ ಅದರ ಯೋಗ್ಯತೆಗಿಂತ ಹೆಚ್ಚು. ರಿಜಿಸ್ಟರ್ ಆರಂಭಿಸಲು ಎಕ್ಸೆಲ್ ಸಾಕು, ಆದರೆ ಅದರ ಮಿತಿ ಗೊತ್ತಿರಬೇಕು. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ತಪ್ಪಿಹೋಗಿದ್ದವು. ಹಳೆಯ ಎಕ್ಸೆಲ್ ಕಡತದ ನಮೂನೆಯಲ್ಲಿ 65,536 ಸಾಲುಗಳಾಚೆ ಜಾಗವಿರಲಿಲ್ಲ ಎಂಬುದೇ ಕಾರಣ. ನಮ್ಮ ರಿಜಿಸ್ಟರ್ ಅಷ್ಟು ದೊಡ್ಡದಾಗುವುದಿಲ್ಲ ನಿಜ. ಇಲ್ಲಿ ಕಾಡುವುದು ಬೇರೆ ಬಗೆಯ ತಪ್ಪು: ಒಂದು ಕಾಲಂ ಮಾತ್ರ ವಿಂಗಡಿಸಿ, ಒಬ್ಬರ ಕ್ರಿಯಾಟಿನಿನ್ ಇನ್ನೊಬ್ಬರ ಹೆಸರಿಗೆ ಹೋಗುವುದು. ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳಿಗೆ ಉಚಿತವಾಗಿ ಸಿಗುವ, ದತ್ತಾಂಶ ತುಂಬಲೆಂದೇ ಮಾಡಿದ ರೆಡ್‌ಕ್ಯಾಪ್‌ನಂಥ ವ್ಯವಸ್ಥೆಯಲ್ಲಿ ಇಂಥ ತಪ್ಪಿಗೆ ಅವಕಾಶ ಕಡಿಮೆ. ಆದರೆ ಅದನ್ನು ಸರ್ವರ್‌ನಲ್ಲಿ ಹೂಡಲು ಕಾಲೇಜಿನ ಐಟಿ ವಿಭಾಗದ ನೆರವು ಬೇಕಾಗುತ್ತದೆ.

ಪ್ರಬಂಧ ಬರೆಯುವ ಪಿಜಿಗಳಿಗೆ ಆರ್ ಹೊಂದುತ್ತದೆ, ಏಕೆಂದರೆ ವೈದ್ಯಕೀಯ ಸಂಖ್ಯಾಶಾಸ್ತ್ರದ ಪರೀಕ್ಷೆಗಳೆಲ್ಲ ಅದರಲ್ಲಿ ಸಿದ್ಧವಾಗಿವೆ. ಎಂಜಿನಿಯರುಗಳೊಂದಿಗೆ ಕೂಡಿ ಕೆಲಸ ಮಾಡುವವರಿಗೆ ಪೈಥಾನ್ ಅನುಕೂಲ. ಮಿಮಿಕ್ ಬಳಸುವವರು ಭಂಡಾರದಿಂದ ಅಂಕಿ ಹೊರತೆಗೆಯುವ ಭಾಷೆಯಾದ ಎಸ್‌ಕ್ಯುಎಲ್‌ನ ಮೊದಲ ಹತ್ತು ಪಾಠಗಳನ್ನಾದರೂ ಕಲಿಯಲೇಬೇಕು. ಕೋಡ್ ಎಂದರೆ ಹಿಂಜರಿಯುವವರು ಜಮೋವಿ ಎಂಬ ಉಚಿತ ತಂತ್ರಾಂಶದಿಂದ ಆರಂಭಿಸಬಹುದು, ಅದರಲ್ಲಿ ತಲೆತಗ್ಗಿಸುವಂಥದ್ದೇನೂ ಇಲ್ಲ.

ಅನುಮತಿ ಮತ್ತು ಗೋಪ್ಯತೆ

ಇದನ್ನು ಕಲಿಕೆಯ ಕೊನೆಯ ಅಧ್ಯಾಯವೆಂದು ಎಣಿಸುವ ಕೋರ್ಸನ್ನು ಆರಿಸಬೇಡಿ. ಘಟಕದ ಗುಣಮಟ್ಟ ತಿಳಿಯಲು ಇಟ್ಟ ರಿಜಿಸ್ಟರಿನಿಂದ ಸಂಶೋಧನಾ ಲೇಖನ ಬರೆಯುವ ಯೋಚನೆ ಬಂದ ದಿನವೇ ಸಾಂಸ್ಥಿಕ ನೈತಿಕ ಸಮಿತಿಯ ಮುಂದೆ ಹೋಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ರಾಷ್ಟ್ರೀಯ ನೀತಿಸೂತ್ರಗಳು ಮತ್ತು ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಯ ಬಗ್ಗೆ 2023ರಲ್ಲಿ ಹೊರತಂದ ಮಾರ್ಗಸೂಚಿ ಎರಡನ್ನೂ ಓದಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಆಸ್ಪತ್ರೆಗಳನ್ನು ಬಿಟ್ಟಿಲ್ಲ.

ಹೆಸರು ಅಳಿಸಿದರೆ ಗುರುತು ಅಳಿಯಿತೆಂಬ ನಂಬಿಕೆ ನಗರದಲ್ಲಿ ಅರ್ಧ ನಿಜ, ನಮ್ಮಲ್ಲಿ ಪೂರ್ತಿ ಸುಳ್ಳು. ಹತ್ತು ಮನೆಗಳ ಊರಿನಿಂದ ಇಂಥ ವಾರ ಹಾವು ಕಚ್ಚಿ ಬಂದ ಇಷ್ಟು ವಯಸ್ಸಿನ ಹೆಣ್ಣುಮಗಳು ಎಂದರೆ ಇಡೀ ಹೋಬಳಿಗೆ ಗೊತ್ತಾಗುತ್ತದೆ. ಆದ್ದರಿಂದ ಹಂಚಿಕೊಳ್ಳುವ ಕಡತದಲ್ಲಿ ಊರಿನ ಬದಲು ತಾಲ್ಲೂಕು, ದಿನಾಂಕದ ಬದಲು ದಾಖಲಾದ ದಿನದಿಂದ ಎಣಿಸಿದ ದಿನ, ನಿಖರ ವಯಸ್ಸಿನ ಬದಲು ವಯೋಗುಂಪು ಇರಬೇಕು. ಚಾರ್ಟಿನ ಫೋಟೊಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಅಲ್ಲಿಂದಲೇ ಅಂಕಿ ತುಂಬಿಸುವ ಅಭ್ಯಾಸ, ಕೇಸ್ ಶೀಟನ್ನು ಹಾಗೆಯೇ ಚಾಟ್‌ಜಿಪಿಟಿಗೆ ಕೊಟ್ಟು ಸಾರಾಂಶ ಬರೆಸುವ ಅಭ್ಯಾಸ, ಎರಡನ್ನೂ ಮೊದಲ ದಿನವೇ ನಿಲ್ಲಿಸಬೇಕು. ನಿರ್ಬಂಧಿತ ಪ್ರವೇಶದ ದತ್ತಾಂಶವನ್ನು ಇಂಥ ಹೊರಗಿನ ಸೇವೆಗಳಿಗೆ ಕಳುಹಿಸುವುದನ್ನು ಫಿಸಿಯೊನೆಟ್ ಕೂಡ ಒಪ್ಪುವುದಿಲ್ಲ. ಗುರುತು ಅಳಿಸಿದ ದಾಖಲೆಗೇ ಅಷ್ಟು ಕಟ್ಟುನಿಟ್ಟಾದರೆ, ಗುರುತಿರುವ ನಮ್ಮ ದಾಖಲೆಗೆ ಎಷ್ಟಿರಬೇಕು.

ಯಾರಿಗೆ ಯಾವುದು

ವೈದ್ಯಕೀಯ ಕಾಲೇಜಿನ ಪಿಜಿ ವಿದ್ಯಾರ್ಥಿಗೆ ಎನ್‌ಪಿಟೆಲ್‌ನ ಒಂದು ಸಂಖ್ಯಾಶಾಸ್ತ್ರದ ಕೋರ್ಸು ಮತ್ತು ಮಿಮಿಕ್ ಪ್ರಾತ್ಯಕ್ಷಿಕೆ ಆವೃತ್ತಿ ಮೊದಲ ವರ್ಷದಲ್ಲಿ, ಘಟಕದ ರಿಜಿಸ್ಟರಿನಿಂದ ಪ್ರಬಂಧದ ವಿಷಯ ಎರಡನೆಯ ವರ್ಷದಲ್ಲಿ. ಪ್ರಬಂಧದ ವಿಷಯವನ್ನು ಮೊದಲು ಗೊತ್ತುಮಾಡಿ ಆಮೇಲೆ ಅಂಕಿ ಕೂಡಿಸುವ ಈಗಿನ ಕ್ರಮಕ್ಕಿಂತ ಇದು ಕಡಿಮೆ ಶ್ರಮದ್ದು. ಎಂಡಿ ನಂತರದ ಉನ್ನತ ಪದವಿಗಳಾದ ಡಿಎಂ ಅಥವಾ ಡಿಆರ್‌ಎನ್‌ಬಿ ಮಾಡುವ ಆಸೆಯಿರುವವರು ಒಂದು ಡೇಟಾಥಾನ್‌ಗೆ ಹೋಗಿಬರಲಿ.

ಘಟಕದ ಮುಖ್ಯಸ್ಥರು ತಾವೇ ಕೋಡ್ ಕಲಿಯಬೇಕಾಗಿಲ್ಲ. ವಾರದ ಒಂದು ಗಂಟೆಯನ್ನು ಕಾಯ್ದಿರಿಸುವುದು, ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಅಧ್ಯಾಪಕರೊಂದಿಗೆ ಒಡಂಬಡಿಕೆ ಮಾಡಿಕೊಂಡು ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಐಸಿಯು ಕಡೆಗೆ ತಿರುಗಿಸುವುದು, ಅಹಿತಕರ ಅಂಕಿ ಬಂದಾಗ ತಂದವರನ್ನು ಗದರಿಸದಿರುವುದು, ಇವು ಅವರಿಂದ ಆಗಬೇಕಾದ ಕೆಲಸ. ನರ್ಸಿಂಗ್ ಹೋಮಿನಲ್ಲಿ ಒಬ್ಬರೇ ಐಸಿಯು ನೋಡಿಕೊಳ್ಳುವ ವೈದ್ಯರಿಗೆ ದೀರ್ಘ ಕೋರ್ಸು ಬೇಡವೇ ಬೇಡ. ಹತ್ತು ಕಾಲಂಗಳ ರಿಜಿಸ್ಟರ್, ವೆಂಟಿಲೇಟರ್ ನ್ಯುಮೋನಿಯಾವನ್ನು ಪ್ರತಿ 1,000 ವೆಂಟಿಲೇಟರ್ ದಿನಗಳಿಗೆ ಲೆಕ್ಕ ಹಾಕುವ ಕ್ರಮ, ಡಾಮಾ ಹೋದವರಿಗೆ ಫೋನ್, ಇವು ಸಾಕು. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆಗೆ ಅರ್ಜಿ ಹಾಕುವ ಕಾಲಕ್ಕೆ ಈ ಅಂಕಿಗಳನ್ನು ಹೇಗೂ ಕೇಳುತ್ತಾರೆ.

ತಾಲ್ಲೂಕು ಆಸ್ಪತ್ರೆಯ ಫಿಜಿಶಿಯನ್ ವಿಷಯವೇ ಬೇರೆ. ಅವರ ಬಳಿ ನಾಲ್ಕಾರು ಹಾಸಿಗೆಗಳಿರುತ್ತವೆ, ರೋಗಿಗಳಲ್ಲಿ ಅನೇಕರು ಕೆಲವೇ ಗಂಟೆಗಳಲ್ಲಿ ಶಿವಮೊಗ್ಗಕ್ಕೆ ರೆಫರ್ ಆಗುತ್ತಾರೆ, ಅಲ್ಲಿ ಏನಾಯಿತೆಂಬ ಸುದ್ದಿ ಮರಳಿ ಬರುವುದಿಲ್ಲ. ಅವರಿಗೆ ಉಪಯೋಗವಾಗುವ ಮೊದಲ ದತ್ತಾಂಶವೆಂದರೆ ಆ ಸುದ್ದಿಯೇ. ಜಿಲ್ಲಾ ಕೇಂದ್ರದ ದೊಡ್ಡ ಘಟಕ ತನ್ನ ರಿಜಿಸ್ಟರಿನಲ್ಲಿ ‘ಎಲ್ಲಿಂದ ರೆಫರ್’ ಎಂಬ ಕಾಲಂ ಇಟ್ಟು, ತಿಂಗಳಿಗೊಮ್ಮೆ ಪ್ರತಿ ತಾಲ್ಲೂಕಿಗೂ ಅಲ್ಲಿಂದ ಬಂದವರ ಒಂದು ಪುಟದ ಪಟ್ಟಿಯನ್ನು, ಬರುವಾಗಿನ ಸ್ಥಿತಿ ಮತ್ತು ಕೊನೆಗೆ ಆದದ್ದು ಎರಡನ್ನೂ ಬರೆದು, ಅದೇ ವೈದ್ಯರಿಗೆ ನೇರವಾಗಿ ಕಳುಹಿಸಿದರೆ, ಹಾವು ಕಡಿತಕ್ಕೆ ಪ್ರತಿವಿಷ ಎಷ್ಟು ತಡವಾಯಿತು, ಟ್ಯೂಬ್ ಹಾಕದೆ ಕಳಿಸಿದವರು ದಾರಿಯಲ್ಲಿ ಹೇಗಾದರು ಎಂಬುದನ್ನು ಅವರು ತಮ್ಮ ನೋಟ್‌ಬುಕ್ಕಿನ ಸಮಯಗಳೊಂದಿಗೆ ತಾಳೆ ನೋಡಬಹುದು. ಅದಕ್ಕೆ ಬೇಕಾಗುವುದು ಒಂದು ಪೆನ್ನು, ಗಡಿಯಾರ ಮತ್ತು ರೆಫರಲ್ ಚೀಟಿಯ ಕಾರ್ಬನ್ ಪ್ರತಿ.